ಬಚ್ಚಲುಮನೆಯ ಗೋಡೆಯ ಜೇಡಕ್ಕೆ ಹೆಸರು ಹೇಳುವುದು

ರಾತ್ರಿ ಹತ್ತೂವರೆಗೆ ಸಾಗರದ ಮನೆಯಿಂದ ಅತ್ತಿಗೆ ಒಂದು ಫೋಟೊ ಕಳಿಸಿದ್ದರು. ಬಚ್ಚಲುಮನೆಯ ಸುಣ್ಣದ ಗೋಡೆ, ಮೂಲೆಯಲ್ಲಿ ಹಂಡೆಯ ಕಂಠ, ನಟ್ಟನಡುವೆ ಫ್ಲ್ಯಾಶ್ ಬಡಿದು ಬೆಳ್ಳಗಾದ ವೃತ್ತ, ಆ ವೃತ್ತದ ಅಂಚಿನಲ್ಲಿ ಅಂಗೈಯಗಲಕ್ಕೆ ಕಾಲು ಚಾಚಿ ಕೂತ ಕಂದು ಬಣ್ಣದ ಜೇಡ. ಕೆಳಗೆ ಎರಡು ಪ್ರಶ್ನೆಗಳಿದ್ದವು: "ಇದು ಯಾವುದು ಮಾರಾಯ? ಕಚ್ಚುತ್ತಾ?" ನಾನು ಕನ್ನಡಕ ಹುಡುಕುವಷ್ಟರಲ್ಲಿ ಮೂರನೆಯದೂ ಬಂತು: "ಹೊಟ್ಟೆ ಅಡಿಗೆ ಏನೋ ಬಿಳಿ ಬಿಲ್ಲೆ ಹಿಡ್ಕೊಂಡಿದೆ. ನಿಮ್ಮಣ್ಣನ ಮಾತ್ರೆ ಕದ್ದಿದೆಯಾ ನೋಡು."

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಬೆಂಗಳೂರಿನಲ್ಲಿ ಲೆಕ್ಕಪತ್ರ ತಪಾಸಣೆಯ ಕೆಲಸ ಮಾಡುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ಕುಂಡದ ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದ ಹುಳುವೊಂದರ ಹೆಸರು ತಿಳಿಯಬೇಕೆಂದು ಹೊರಟವನು, ಅಲ್ಲಿಂದ ಮುಂದೆ ದಾರಿ ತಪ್ಪಿ, ಈಗ ಬಂಧುಗಳಲ್ಲಿಯೂ ಕಚೇರಿಯಲ್ಲಿಯೂ "ಹುಳದವನು" ಎಂದು ಹೆಸರಾಗಿದ್ದೇನೆ. ವಾರಕ್ಕೆ ನಾಲ್ಕಾರು ಫೋಟೊಗಳಾದರೂ ಬರುತ್ತವೆ. ಕಳಿಸುವವರಲ್ಲಿ ಛಾಯಾಗ್ರಾಹಕರು ಇಲ್ಲವೆಂದೇ ಹೇಳಬೇಕು. ಹೆದರಿ ಎರಡು ಮಾರು ದೂರದಿಂದ ತೆಗೆದವು, ಕೈ ನಡುಗಿ ಅಲುಗಿದವು, ಹಿಂದಿನ ಎಲೆ ನಿಚ್ಚಳವಾಗಿ ಮುಂದಿನ ಹುಳು ಮಸುಕಾದವು, ಚಪ್ಪಲಿಯ ಏಟು ಬಿದ್ದ ಮೇಲೆ ತೆಗೆದವು, ಹೀಗೆ ಎಲ್ಲ ಬಗೆಯ ಚಿತ್ರಗಳೂ ನನ್ನ ಸಂಗ್ರಹದಲ್ಲಿವೆ. ಇವುಗಳನ್ನು ನೋಡಿ ನೋಡಿ ನಾನು ಕಲಿತದ್ದರಲ್ಲಿ ಹೆಸರುಗಳ ಪಾಲು ಕಡಿಮೆ. ಹೆಸರು ಎಲ್ಲಿಗೆ ನಿಲ್ಲಬೇಕು ಎಂಬುದನ್ನೇ ಹೆಚ್ಚು ಕಲಿತಿದ್ದೇನೆ.

ಅತ್ತಿಗೆಯ ಜೇಡದ ವಿಷಯದಲ್ಲಿ ನನಗೆ ಅಂಥ ತೊಡಕಾಗಲಿಲ್ಲ. ಗೋಡೆಗೆ ಒತ್ತಿದಂಥ ಚಪ್ಪಟೆ ಮೈ, ಏಡಿಯ ಕಾಲಿನಂತೆ ಪಕ್ಕಕ್ಕೆ ಹೊರಳಿದ ಕಾಲುಗಳು, ಮುಖದಲ್ಲಿ ಕಣ್ಣುಗಳ ಕೆಳಗೆ ಅಡ್ಡಲಾಗಿ ಎಳೆದಂತಿರುವ ಮಾಸಲು ಬಿಳಿ ಪಟ್ಟಿ, ಇವಿಷ್ಟೂ ಆ ಕೆಟ್ಟ ಫೋಟೊದಲ್ಲಿಯೂ ಕಾಣುತ್ತಿದ್ದವು. ಇದು ಹೆಟೆರೊಪೋಡಾ ವೆನಟೋರಿಯಾ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ, ಹಡಗುಗಳ ಸರಕಿನೊಂದಿಗೆ ಜಗತ್ತಿನ ಬೆಚ್ಚನೆಯ ನಾಡುಗಳಿಗೆಲ್ಲ ಹರಡಿದ ಮನೆಜೇಡ. ಬಲೆ ಕಟ್ಟುವುದಿಲ್ಲ, ರಾತ್ರಿ ಹೊರಟು ಜಿರಲೆಗಳನ್ನು ಓಡಿಸಿ ಹಿಡಿಯುತ್ತದೆ. ಬಿಳಿಯ ಬಿಲ್ಲೆ ಮಾತ್ರೆಯಾಗಿರಲಿಲ್ಲ, ಮೊಟ್ಟೆಗಳ ಚೀಲವಾಗಿತ್ತು. ಹೆಣ್ಣುಜೇಡ ಅದನ್ನು ತನ್ನ ಮೈಯಡಿಯಲ್ಲಿ ಅವುಚಿಕೊಂಡು ಮರಿಗಳು ಹೊರಬರುವವರೆಗೂ ಹೊತ್ತು ತಿರುಗುತ್ತದೆ. ಹಿಸುಕಿದರೆ ಕಚ್ಚೀತು, ನೋವೂ ಆದೀತು, ಪ್ರಾಣಕ್ಕೇನೂ ಭಯವಿಲ್ಲ ಎಂದು ಬರೆದೆ. ಅತ್ತಿಗೆಯ ಉತ್ತರ ತಡವಾಗಿ ಬಂತು: "ಬಸುರಿ-ಬಾಣಂತಿ ಅಂದ್ಮೇಲೆ ಓಡಿಸೋದು ಹೇಗೆ, ಇರ್ಲಿ ಬಿಡು."

ಇಷ್ಟು ಸಲೀಸಾಗಿ ಹೆಸರು ದೊರೆಯುವುದು ಹತ್ತರಲ್ಲಿ ಎರಡು ಮೂರು ಫೋಟೊಗಳಿಗೆ ಮಾತ್ರ. ನನ್ನ ಉದ್ಯೋಗದಲ್ಲಿ ವೋಚರ್ ಇಲ್ಲದ ಖರ್ಚನ್ನು ಒಪ್ಪುವಂತಿಲ್ಲ. ನೂರು ರೂಪಾಯಿಗೆ ವೋಚರ್ ಇದ್ದರೆ ನೂರು ರೂಪಾಯಿಯನ್ನು ಮಾತ್ರ ಒಪ್ಪಬೇಕು, ತಂದವನು ಎಷ್ಟೇ ಪ್ರಾಮಾಣಿಕನಾಗಿ ಕಂಡರೂ ನೂರಹತ್ತನ್ನು ಒಪ್ಪುವಂತಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಒಂದು ಹೆಸರಿಗೆ ಸಾಕ್ಷಿಯಾಗಿ ಸೀಸೆಯಲ್ಲಿ ಕಾಪಿಡುವ ಮಾದರಿಯನ್ನೂ ವೋಚರ್ ಎಂದೇ ಕರೆಯುತ್ತಾರೆಂದು ತಿಳಿದ ದಿನ ನನಗೆ ವಿಚಿತ್ರವಾದ ಸಂತೋಷವಾಯಿತು. ಫೋಟೊ ಕೂಡ ಒಂದು ವೋಚರ್. ಅದರ ಮೊತ್ತ ಎಷ್ಟು ಎಂದು ಓದುವುದೇ ಗುರುತಿಸುವವನ ಮೊದಲ ಕೆಲಸ. ಒಂದು ಚಿತ್ರ "ಜೇಡ" ಎಂಬಷ್ಟಕ್ಕೆ ಮಾತ್ರ ಸಾಲುತ್ತದೆ, ಇನ್ನೊಂದು ಕುಟುಂಬವೆಂಬ ದೊಡ್ಡ ಗುಂಪಿನವರೆಗೆ ಒಯ್ಯುತ್ತದೆ, ಮತ್ತೊಂದು ಅದರೊಳಗಿನ ಕುಲದವರೆಗೆ. ಪ್ರಭೇದದ ಹೆಸರನ್ನು ಕೊಡಬಲ್ಲ ಚಿತ್ರ ಬಂದ ದಿನ ನಾನು ಎರಡನೆಯ ಲೋಟ ಕಾಫಿ ಕುಡಿಯುತ್ತೇನೆ.

ಜೇಡಗಳಲ್ಲಿ ಈ ಎಚ್ಚರ ಏಕೆ ಬೇಕೆಂದರೆ ಅವುಗಳ ಲೆಕ್ಕವೇ ಹಾಗಿದೆ. 1757ರಲ್ಲಿ ಸ್ವೀಡನ್ನಿನ ಕಾರ್ಲ್ ಕ್ಲೆರ್ಕ್ ತನ್ನ ದೇಶದ ಜೇಡಗಳನ್ನು ಬಣ್ಣದ ಚಿತ್ರಗಳೊಡನೆ ವಿವರಿಸಿ ಪ್ರಕಟಿಸಿದ. ಉಳಿದೆಲ್ಲ ಪ್ರಾಣಿಗಳ ವೈಜ್ಞಾನಿಕ ಹೆಸರುಗಳು 1758ರ ಲಿನೇಯಸ್ಸನ ಗ್ರಂಥದಿಂದ ಆರಂಭವಾದರೆ, ಜೇಡಗಳಿಗೆ ಮಾತ್ರ ಕ್ಲೆರ್ಕನ ಹೆಸರುಗಳಿಗೆ ಮೊದಲ ಮಣೆ. ಅಂದಿನಿಂದ ಎಣಿಸುತ್ತ ಬಂದ ಪ್ರಭೇದಗಳು 2022ರಲ್ಲಿ 50,000 ದಾಟಿದವು. ನಮ್ಮ ದೇಶದ ಜೇಡಗಳ ಬಗ್ಗೆ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಬರೆದ ದೊಡ್ಡ ಗ್ರಂಥ 1900ರಲ್ಲಿ ಬಂತು. ಇಷ್ಟಾದರೂ ಪಶ್ಚಿಮಘಟ್ಟದ ಒಂದು ತೋಟದಲ್ಲಿ ಒಂದು ಸಂಜೆ ಕಾಣುವ ಜೇಡಗಳಿಗೆಲ್ಲ ಹೆಸರು ಹೇಳಬಲ್ಲವರು ಯಾರೂ ಇರಲಾರರು. ಕೆಲವಕ್ಕೆ ಇನ್ನೂ ಹೆಸರನ್ನೇ ಇಟ್ಟಿಲ್ಲ.

ಫೋಟೊದಲ್ಲಿ ನಾನು ಮೊದಲು ಹುಡುಕುವುದು ಕಣ್ಣುಗಳನ್ನು. ಬಣ್ಣ ಮೋಸ ಮಾಡುತ್ತದೆ, ಗಾತ್ರ ಮೋಸ ಮಾಡುತ್ತದೆ, ಕಣ್ಣುಗಳ ಸಾಲು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಬಹುಪಾಲು ಜೇಡಗಳಿಗೆ ಎಂಟು ಕಣ್ಣುಗಳು. ಅವುಗಳನ್ನು ಜೋಡಿಸಿದ ಬಗೆ ಒಂದೊಂದು ಕುಟುಂಬಕ್ಕೆ ಒಂದೊಂದು. ಮುಖದ ಮುಂದೆ ಕಾರಿನ ದೀಪಗಳಂತೆ ಎರಡು ದೊಡ್ಡ ಕಣ್ಣುಗಳಿದ್ದರೆ ಅದು ಜಿಗಿಯುವ ಜೇಡ. ನಾವು ಬಗ್ಗಿ ನೋಡಿದರೆ ಅದೂ ತಿರುಗಿ ನಮ್ಮನ್ನು ನೋಡುತ್ತದೆ. ಕೆಳಗೆ ನಾಲ್ಕು ಸಣ್ಣ ಕಣ್ಣು, ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು ಇದ್ದರೆ ತೋಳಜೇಡ. ರಾತ್ರಿ ಟಾರ್ಚನ್ನು ಹಣೆಯ ಮಟ್ಟಕ್ಕೆ ಹಿಡಿದು ಅಂಗಳಕ್ಕೆ ಬೆಳಕು ಬಿಟ್ಟರೆ ಹುಲ್ಲಿನಲ್ಲಿ ಮಂಜಿನ ಹನಿಯಂತೆ ಮಿನುಗುವುದು ಅದರ ಕಣ್ಣು. ಕಣ್ಣುಗಳು ಆರುಮೂಲೆಯ ಆಕಾರದಲ್ಲಿ ಗುಂಪುಗೂಡಿದ್ದು, ಕಾಲುಗಳ ಮೇಲೆ ಮುಳ್ಳುಗಳು ನೆಟ್ಟಗೆ ನಿಂತಿದ್ದರೆ ಗಿಡಗಳ ಮೇಲೆ ಹಾರಿ ಬೇಟೆಯಾಡುವ ಆಕ್ಸಿಯೋಪಿಡೇ ಕುಟುಂಬ. ಆದರೆ ಫೋಟೊ ತೆಗೆಯುವವರು ಬಹುತೇಕ ಮೇಲಿನಿಂದಲೇ ತೆಗೆಯುತ್ತಾರೆ. ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರ ನೆತ್ತಿಯನ್ನಷ್ಟೇ ತೋರಿಸಿ ವರ ಯಾರೆಂದು ಕೇಳಿದ ಹಾಗೆ.

ಪಕ್ಕದಿಂದ ತೆಗೆದ ಚಿತ್ರಕ್ಕೂ ಬೆಲೆಯಿದೆ ಎಂದು ನನಗೆ ಕಲಿಸಿದ್ದು ನಮ್ಮೆಲ್ಲರ ಮನೆಯ ಮೂಲೆಗಳಲ್ಲಿ, ಪೊರಕೆಗೆ ಅಂಜದೆ ವಾರದಲ್ಲಿ ಮತ್ತೆ ಬಲೆ ಕಟ್ಟುವ ನೀಳಕಾಲಿನ ಬಡಕಲು ಜೇಡ. ಮೇಲಿನಿಂದ ನೋಡಿದರೆ ಆ ಬಗೆಯವೆಲ್ಲ ಒಂದೇ. ಪಕ್ಕದಿಂದ ನೋಡಿದಾಗ ಒಂದರ ಹೊಟ್ಟೆ ಹಿಂಬದಿಯಲ್ಲಿ ಮೇಲೆದ್ದು ಮೂಲೆಯಾಗಿ ನಿಂತಿರುತ್ತದೆ. ಅದು ಕ್ರಾಸೊಪ್ರೈಝಾ ಲಯೋನಿ. ಮುಟ್ಟಿದರೆ ಇಡೀ ಮೈಯನ್ನು ಗರಗರನೆ ಅಲ್ಲಾಡಿಸಿ ಮಸುಕಾಗಿಬಿಡುತ್ತದೆ. ಆ ಹೊತ್ತಿನಲ್ಲಿ ತೆಗೆದ ಫೋಟೊ ಅಲುಗಿದ್ದರೆ ಅದು ತೆಗೆದವರ ತಪ್ಪಲ್ಲ, ಜೇಡದ ಜಾಣತನ.

ಇನ್ನು ಪ್ರಭೇದದ ಮಾತು. ಜೇಡದ ಮುಖದ ಬಳಿ ಎರಡು ಚಿಕ್ಕ ಕಾಲುಗಳಂಥ ಅಂಗಗಳಿರುತ್ತವೆ. ಅವನ್ನೂ ಎಣಿಸಿ "ಹತ್ತು ಕಾಲಿನ ಜೇಡ" ಎಂದು ಬರೆದು ಕಳಿಸುವವರಿದ್ದಾರೆ. ಬೆಳೆದ ಗಂಡಿನಲ್ಲಿ ಅವುಗಳ ತುದಿ ಬಾಕ್ಸರನ ಕೈಗವುಸಿನಂತೆ ಉಬ್ಬಿರುತ್ತದೆ. ಗಂಡು ತನ್ನ ವೀರ್ಯವನ್ನು ಹೆಣ್ಣಿಗೆ ತಲುಪಿಸುವುದು ಅದರಿಂದಲೇ. ಹೆಣ್ಣಿನ ಹೊಟ್ಟೆಯ ಅಡಿಯಲ್ಲಿ ಅದಕ್ಕೆ ಹೊಂದುವ ಗಟ್ಟಿಯಾದ ರಚನೆಯೊಂದಿರುತ್ತದೆ. ಅಕ್ಕಪಕ್ಕದ ಎರಡು ಪ್ರಭೇದಗಳು ಬಣ್ಣದಲ್ಲಿ, ಗೆರೆಯಲ್ಲಿ, ಗಾತ್ರದಲ್ಲಿ ತದ್ರೂಪವಾಗಿದ್ದರೂ ಈ ಎರಡು ಅಂಗಗಳ ಒಳಸುಳಿಗಳು ಬೇರೆಬೇರೆಯಾಗಿರುತ್ತವೆ. ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಬಿಡಿಸಿ ನೋಡಿಯೇ ತೀರ್ಮಾನಿಸುತ್ತಾರೆ. ಅಂದರೆ ಎಷ್ಟೋ ಜೇಡಗಳ ವಿಷಯದಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾದಿಂದ, ಒಂದೊಂದು ರೋಮವೂ ಎಣಿಸಲು ಬರುವಂತೆ ತೆಗೆದ ಚಿತ್ರ ಕೂಡ ಕೊನೆಯ ಮೆಟ್ಟಿಲ ಮುಂದೆ ನಿಂತುಬಿಡುತ್ತದೆ. ಮರಿಜೇಡವಾದರೆ ಆ ಅಂಗಗಳು ಬೆಳೆದೇ ಇರುವುದಿಲ್ಲ, ಸೂಕ್ಷ್ಮದರ್ಶಕವೂ ಕೈಚೆಲ್ಲುತ್ತದೆ. ಇದನ್ನು ಅರಿಯದ ಆರಂಭದ ದಿನಗಳಲ್ಲಿ ನಾನು ಅಂಗಳದ ತೋಳಜೇಡಗಳಿಗೆಲ್ಲ ಎರಡು ಪದದ ಲ್ಯಾಟಿನ್ ಹೆಸರುಗಳನ್ನು ಹಂಚುತ್ತಿದ್ದೆ. ಆ ಹಳೆಯ ಕಡತವನ್ನು ಈಗ ತೆರೆದರೆ ಕೆಂಪು ಶಾಯಿಯಲ್ಲಿ ತಿದ್ದಲು ಕೈ ತುರಿಸುತ್ತದೆ. ಅರ್ಧಕ್ಕರ್ಧ ತಿದ್ದಿಯೂ ಆಗಿದೆ.

ಆ ಕಡತದಲ್ಲಿ ನನ್ನ ದೊಡ್ಡ ತಪ್ಪೊಂದಿದೆ. ಗೆಳೆಯರೊಬ್ಬರು ಮಾವಿನ ಎಲೆಯ ಮೇಲಿನ ಕೆಂಪಿರುವೆಯ ಫೋಟೊ ಕಳಿಸಿ, "ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗ್ತಿದೆ, ಯಾಕೆ?" ಎಂದು ಕೇಳಿದ್ದರು. ಮಲೆನಾಡಿನಲ್ಲಿ ಚಟ್ನಿ ಅರೆಯುವ ಚಗಳಿಯೇ ಇದು ಎಂದು ಕಣ್ಣು ಮುಚ್ಚಿ ಹೇಳಿದೆ. ಗೂಡಿನ ಗಾಯಾಳುವನ್ನು ಹೊತ್ತೊಯ್ಯುತ್ತಿರಬಹುದು ಎಂದು ವ್ಯಾಖ್ಯಾನವನ್ನೂ ಸೇರಿಸಿದೆ. ಎರಡು ವರ್ಷಗಳ ಮೇಲೆ ಅದೇ ಚಿತ್ರವನ್ನು ಬೇರಾವುದಕ್ಕೋ ತೆರೆದಾಗ ಎಲೆಯ ಅಂಚಿನಿಂದ ಅದರ ಹೊಟ್ಟೆಯವರೆಗೆ ಹೊಳೆಯುವ ಒಂದೆಳೆ ಕಂಡಿತು. ಇರುವೆ ನೂಲು ಬಿಡುತ್ತ ನಡೆಯುವುದಿಲ್ಲ. ಕಾಲು ಎಣಿಸಿದೆ: ಎಂಟು. ಅದು ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂಬ ಜಿಗಿಯುವ ಜೇಡದ ಗಂಡು. ಮೈಯನ್ನು ಇರುವೆಯಂತೆ ಮೂರು ಭಾಗವಾಗಿ ಕಾಣಿಸುವ ಹಾಗೆ ನಡುವೆ ಕಿರಿದಾಗಿಸಿಕೊಂಡು, ಮುಂಗಾಲುಗಳನ್ನು ಕುಡಿಮೀಸೆಯಂತೆ ಎತ್ತಿ ಆಡಿಸುತ್ತ, ಚಗಳಿಗಳ ಸಾಲಿನ ಪಕ್ಕದಲ್ಲಿಯೇ ಅದು ಬದುಕುತ್ತದೆ. ಗಂಡಿನ ದವಡೆಗಳು ಮೈಯಷ್ಟೇ ಉದ್ದ ಎನ್ನುವಂತೆ ಮುಂದಕ್ಕೆ ಚಾಚಿರುವುದರಿಂದ, ದೊಡ್ಡ ಇರುವೆ ಸಣ್ಣ ಇರುವೆಯನ್ನು ಕಚ್ಚಿಕೊಂಡಂತೆಯೇ ಕಾಣುತ್ತದೆ. ಗಾಯಾಳುವೆಂದು ನಾನು ಮರುಗಿದ್ದು ಆ ದವಡೆಗೆ. ಗೆಳೆಯರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರಿಗೆ ಫೋಟೊ ಕಳಿಸಿದ್ದೇ ನೆನಪಿರಲಿಲ್ಲ.

ಕೀಟಗಳಲ್ಲಿ ಮೋಸ ಬೇರೆ ಬಗೆಯದು. ಹೂವಿನ ಮೇಲೆ ಹಳದಿ-ಕಪ್ಪು ಪಟ್ಟೆಯ "ಜೇನು" ಎಂದು ಬರುವ ಫೋಟೊಗಳಲ್ಲಿ ಗಣನೀಯ ಪಾಲು ನೊಣಗಳದ್ದು. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ರೆಕ್ಕೆ ಎಣಿಸಲು ಆಗದಿದ್ದರೆ ಮುಖ ನೋಡಬೇಕು: ಮುಖವನ್ನೆಲ್ಲ ತುಂಬಿದ ಕಣ್ಣು, ಇದೆಯೋ ಇಲ್ಲವೋ ಎನ್ನುವಷ್ಟು ಮೋಟಾದ ಮೀಸೆ ಇದ್ದರೆ ನೊಣ. ಜೇನಿನ ವೇಷ ಹಾಕಿಕೊಂಡು ಹಕ್ಕಿಗಳಿಂದ ಪಾರಾಗುವ ನಿರುಪದ್ರವಿ ಅದು. ಇನ್ನೊಂದು ಚಿತ್ರ ಪ್ರತಿ ಬೇಸಿಗೆಯಲ್ಲಿಯೂ ಬರುತ್ತದೆ: ರಾತ್ರಿ ದೀಪದ ಬಳಿ ಕೂತ, ಕಡ್ಡಿಯಂಥ ಮೈಯ, ಜಾಲರಿ ರೆಕ್ಕೆಯ "ಏರೋಪ್ಲೇನ್ ಚಿಟ್ಟೆ". ಮೀಸೆಯ ತುದಿ ಗದೆಯಂತೆ ದಪ್ಪಗಿದ್ದರೆ ಅದು ಏರೋಪ್ಲೇನ್ ಚಿಟ್ಟೆಯಲ್ಲ. ಜಗಲಿಯ ಕೆಳಗಿನ ಪುಡಿಮಣ್ಣಿನಲ್ಲಿ ಲಾಳಿಕೆಯಾಕಾರದ ಗುಣಿ ತೋಡಿ, ತಳದಲ್ಲಿ ಅಡಗಿ, ಜಾರಿ ಬಿದ್ದ ಇರುವೆಯನ್ನು ಹಿಡಿಯುವ ಹುಳುವನ್ನು ನಾವೆಲ್ಲ ಚಿಕ್ಕಂದಿನಲ್ಲಿ ಹುಲ್ಲುಕಡ್ಡಿಯಿಂದ ಕೆಣಕಿದ್ದೇವಲ್ಲ, ಆ ಹುಳು ಬೆಳೆದು ರೆಕ್ಕೆ ಪಡೆದ ರೂಪ ಅದು. ಈ ಸುದ್ದಿ ಹೇಳಿದಾಗ ನಂಬದವರೇ ಹೆಚ್ಚು.

ನನ್ನನ್ನು ಈ ದಾರಿಗೆ ಎಳೆದ ಕರಿಬೇವಿನ ಹುಳುವಿಗೆ ಮರಳುತ್ತೇನೆ. ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆ, ಬಲಿತ ಮೇಲೆ ಹಸಿರಾಗಿ ಕಾಣುವ ಆ ಕಂಬಳಿಹುಳು ಕಾಮನ್ ಮಾರ್ಮನ್ ಚಿಟ್ಟೆಯದು. ಅದರ ಹೆಣ್ಣುಗಳಲ್ಲಿ ಒಂದು ಬಗೆ, ಹಕ್ಕಿಗಳು ತಿನ್ನಲೊಲ್ಲದ ಕಾಮನ್ ರೋಸ್ ಎಂಬ ಚಿಟ್ಟೆಯನ್ನು ಅನುಕರಿಸುತ್ತದೆ. ಎರಡರ ರೆಕ್ಕೆಯೂ ಕಪ್ಪು, ಹಿಂಬದಿಯ ರೆಕ್ಕೆಯಲ್ಲಿ ಬಿಳಿಯ ಮಚ್ಚೆ, ಅಂಚಿನಲ್ಲಿ ಕೆಂಪು ಬೊಟ್ಟುಗಳು. ಎಷ್ಟೋ ಜನ ರೆಕ್ಕೆಯನ್ನು ಚೆನ್ನಾಗಿ ಹಿಡಿದು ಮೈಯನ್ನು ಕತ್ತರಿಸಿಬಿಟ್ಟ ಫೋಟೊ ಕಳಿಸುತ್ತಾರೆ. ವ್ಯತ್ಯಾಸವಿರುವುದೇ ಮೈಯಲ್ಲಿ: ರೋಸಿನ ಮೈ ಕೆಂಪು, ಮಾರ್ಮನ್ನಿನದು ಕಪ್ಪು. ಮೈ ಕಾಣದಿದ್ದರೆ ನಾನು ಕೇಳುವುದು ಗಿಡವನ್ನು. ಮೊಟ್ಟೆ ಇಡುತ್ತಿದ್ದುದು ನಿಂಬೆಗೋ ಕರಿಬೇವಿಗೋ ಆದರೆ ಮಾರ್ಮನ್. ಈಶ್ವರಿ ಬಳ್ಳಿಗೆ ಆದರೆ ರೋಸ್. ಗಿಡವನ್ನು ಸಾಕ್ಷಿಗೆ ಕರೆಯುವ ಈ ಉಪಾಯ ಜೂಮ್ ಮಾಡುವುದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಚಿಟ್ಟೆಗೆ ಮನುಷ್ಯರನ್ನು ಏಮಾರಿಸುವ ರೆಕ್ಕೆ ಇದ್ದೀತು, ತನ್ನ ಮರಿಗಳು ತಿನ್ನಲಾರದ ಎಲೆಯ ಮೇಲೆ ಮೊಟ್ಟೆಯಿಟ್ಟು ಬಾಳುವುದು ಅದಕ್ಕೆ ಸಾಧ್ಯವಿಲ್ಲ.

ಹಾಗೆಯೇ ತಿಂಗಳನ್ನೂ ಕೇಳುತ್ತೇನೆ. ಮುಸ್ಸಂಜೆಯಲ್ಲಿ ಮನೆಯೊಳಕ್ಕೆ ಬಂದು ಗೋಡೆಗೆ ಬಡಿದಾಡುವ ಈವ್ನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ರೆಕ್ಕೆಯಡಿಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲಿರುತ್ತದೆ; ಬೇಸಿಗೆಯಲ್ಲಿ ಹುಟ್ಟಿದ ಅದೇ ಚಿಟ್ಟೆಗೆ ಚುಕ್ಕೆಗಳು ಮಾಯವಾಗಿ ರೆಕ್ಕೆ ಒಣಗಿದ ತರಗೆಲೆಯಂತಾಗುತ್ತದೆ. ಎರಡು ಫೋಟೊಗಳನ್ನು ಅಕ್ಕಪಕ್ಕದಲ್ಲಿಟ್ಟು ಇವು ಒಂದೇ ಎಂದರೆ ನನ್ನ ಮಗಳೂ ಒಪ್ಪಲಿಲ್ಲ. ದಿನಾಂಕ, ಊರು, ಗಿಡ, ಅದು ಮಾಡುತ್ತಿದ್ದ ಕೆಲಸ, ಇವನ್ನು ಬರೆದ ಮಸುಕಾದ ಚಿತ್ರವನ್ನು ನಾನು ಏನೂ ಬರೆಯದ ನಿಚ್ಚಳ ಚಿತ್ರಕ್ಕಿಂತ ಮೇಲೆಂದು ಎಣಿಸುತ್ತೇನೆ. ವಾಟ್ಸ್ಯಾಪಿನಲ್ಲಿ ಹತ್ತು ಕೈ ದಾಟಿ ಬಂದ ಫೋಟೊಗಳಿಗೆ ಉತ್ತರಿಸುವುದನ್ನು ಇದೇ ಕಾರಣಕ್ಕೆ ಬಿಟ್ಟಿದ್ದೇನೆ. ಬ್ರೆಜಿಲಿನ ಪತಂಗವನ್ನು "ನಮ್ಮ ಕುಕ್ಕೆಯಲ್ಲಿ ಕಂಡದ್ದು" ಎಂದು ಕಳಿಸಿದವರೊಡನೆ ವಾದ ಮಾಡಿ ಒಂದು ಭಾನುವಾರ ಹಾಳಾಗಿದೆ.

ಕನ್ನಡದ ಹೆಸರನ್ನೇ ಹೇಳಿ ಎಂದು ಒತ್ತಾಯಿಸುವವರ ಮುಂದೆ ನಾನು ಹೆಚ್ಚು ಕಷ್ಟಪಡುತ್ತೇನೆ. ಜೀರುಂಡೆ ಎಂದರೆ ಒಬ್ಬರಿಗೆ ಮರದಲ್ಲಿ ಕೂತು ಕಿವಿಗಡಚಿಕ್ಕುವ ಕೀಟ, ಇನ್ನೊಬ್ಬರಿಗೆ ಗಟ್ಟಿ ಚಿಪ್ಪಿನ ದುಂಡು ಹುಳು. ಎರಡಕ್ಕೂ ಬಹು ದೂರದ ಸಂಬಂಧವಷ್ಟೇ. ಸೂರ್ಯನ ಕುದುರೆ ಎಂಬ ಚೆಂದದ ಹೆಸರೂ ಊರಿಂದೂರಿಗೆ ಸವಾರಿ ಬದಲಿಸುತ್ತದೆ. ಜೇಡ ಎಂಬ ಮಾತಿಗೆ ನೇಕಾರನೆಂಬ ಅರ್ಥವೂ ಇದೆ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಮಗ್ಗದ ಜೇಡನೇ. ಆದರೆ ಎಂಟು ಕಾಲಿನ ಜೇಡಗಳಲ್ಲಿ ಅರ್ಧದಷ್ಟು ಬೇಟೆಗೆಂದು ಬಲೆ ನೇಯುವುದೇ ಇಲ್ಲ. ನೂಲನ್ನು ಅವು ಮೊಟ್ಟೆ ಸುತ್ತಲು, ಜಿಗಿಯುವಾಗ ಆಸರೆಯ ಹಗ್ಗವಾಗಿ, ಮಲಗಲು ಚೀಲವಾಗಿ ಬಳಸುತ್ತವೆ. "ಬಲೆ ಇಲ್ಲ, ಹಾಗಾಗಿ ಜೇಡ ಅಲ್ಲ" ಎಂದು ವಾದಿಸಿದ ನಮ್ಮ ಕಚೇರಿಯ ಹಿರಿಯರಿಗೆ ಭಾಷೆಯ ಬಲ ಇತ್ತು, ಫೋಟೊದ ಬಲ ಇರಲಿಲ್ಲ.

ಇನ್ನೊಂದು ಫೋಟೊ ನನ್ನನ್ನು ವೇದಾಂತದವರೆಗೆ ಕರೆದೊಯ್ದಿತು. ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು ಒಡೆದುಬಿದ್ದಾಗ ಒಳಗಿನಿಂದ ಹತ್ತಾರು ಸಣ್ಣ ಜೇಡಗಳು ಉರುಳಿದ್ದವು. "ಇಷ್ಟೊಂದು ಮರಿ ಹಾಕಿದ್ಯಾ?" ಎಂದು ಕೇಳಿದ್ದರು. ಅವು ಮರಿಗಳಲ್ಲ, ಬುತ್ತಿ. ಆ ಕಣಜ ಜೇಡಗಳನ್ನು ಕುಟುಕಿ, ಕೊಲ್ಲದೆ ನಿಶ್ಚಲಗೊಳಿಸಿ, ಗೂಡಿನಲ್ಲಿ ಒಟ್ಟಿ, ಒಂದು ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಹೊರಬಂದು ಆ ತಾಜಾ ಮಾಂಸವನ್ನು ತಿಂದು ಬೆಳೆಯುತ್ತದೆ. ಅದರಂತೆಯೇ ಮಣ್ಣಿನ ಗೂಡು ಕಟ್ಟುವ ಇನ್ನೊಂದು ಕಣಜ ಜೇಡಗಳ ಬದಲು ಹಸಿರು ಕೀಡೆಗಳನ್ನು ತುಂಬುತ್ತದೆ. ಗೂಡಿನೊಳಕ್ಕೆ ಕೀಡೆ ಹೋಯಿತು, ಕೆಲವು ದಿನಗಳ ಮೇಲೆ ರೆಕ್ಕೆಯ ಹುಳು ಹೊರಬಂತು ಎಂಬುದನ್ನಷ್ಟೇ ಕಂಡ ನಮ್ಮ ಹಿರಿಯರು, ಭಯದಿಂದಲೋ ಧ್ಯಾನದಿಂದಲೋ ಕೀಟವೇ ಭ್ರಮರವಾಯಿತೆಂದು ಬಗೆದು ಭ್ರಮರ-ಕೀಟ ನ್ಯಾಯವನ್ನು ಕಟ್ಟಿದರು. ಅದು ವಚನಗಳಲ್ಲಿಯೂ ಬೆಳಗಿತು. ಅವರನ್ನು ನೋಡಿ ನಾನು ನಗಲಾರೆ. ಅವರ ಬಳಿಯೂ ಎರಡು ಚಿತ್ರಗಳಷ್ಟೇ ಇದ್ದವು, ಒಳಹೋದದ್ದು ಒಂದು, ಹೊರಬಂದದ್ದು ಇನ್ನೊಂದು; ನಡುವಿನದನ್ನು ಅವರು ಊಹೆಯಿಂದ ತುಂಬಿದರು. ಚಗಳಿಯ ಗಾಯಾಳುವನ್ನು ಊಹಿಸಿದ ನಾನು ಬೇರೇನು ಮಾಡಿದ್ದೆ?

ಎಲ್ಲ ಪ್ರಶ್ನೆಗಳೂ ಇಷ್ಟು ರಸಮಯವಾಗಿರುವುದಿಲ್ಲ. ಮಳೆ ಹಿಡಿದ ತಿಂಗಳುಗಳಲ್ಲಿ ಬರುವುದು ಹುಳುವಿನ ಫೋಟೊ ಅಲ್ಲ, ಕುತ್ತಿಗೆಯ ಅಥವಾ ತೋಳಿನ ಫೋಟೊ: ಉದ್ದಕ್ಕೆ ಬರೆ ಎಳೆದಂತೆ ಕೆಂಪಾಗಿ, ನಡುವೆ ನೀರ್ಗುಳ್ಳೆಗಳೆದ್ದ ಚರ್ಮ. ಜೊತೆಗೆ ಮಂಚದ ಕೆಳಗೆ ಸಿಕ್ಕಿದ ಬಡಪಾಯಿ ಜೇಡವೊಂದರ ಶವದ ಚಿತ್ರ. ಜೇಡ ಉಚ್ಚೆ ಹೊಯ್ದಿದೆ ಎಂಬುದು ಮನೆಯವರ ತೀರ್ಪು. ಬಹಳಷ್ಟು ಸಲ ಇಂಥ ಬರೆಯ ಹಿಂದಿರುವುದು ಜೇಡವಲ್ಲ, ದೀಪಕ್ಕೆ ಬರುವ ಪೆಡೆರಸ್ ಎಂಬ ಪುಟ್ಟ ದುಂಬಿಯ ಜಾತಿಯ ಕೀಟ. ಸೆಂಟಿಮೀಟರಿಗಿಂತಲೂ ಚಿಕ್ಕದು, ಕಿತ್ತಳೆ-ಕಪ್ಪು ಪಟ್ಟೆಗಳದ್ದು, ಓಡಾಡುವಾಗ ಇರುವೆಯಂತೆ ಕಾಣುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ನಿದ್ದೆಯಲ್ಲಿ ನಾವು ಅದನ್ನು ಕೈಯಿಂದ ಉಜ್ಜಿಬಿಟ್ಟಾಗ ಅದರ ಮೈಯ ದ್ರವದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಹತ್ತಿ, ಮಾರನೆಯ ದಿನವೋ ಅದರ ಮರುದಿನವೋ ಗುಳ್ಳೆ ಏಳುತ್ತದೆ. ಉಜ್ಜಿದ ದಾರಿಯಲ್ಲಿಯೇ ಎದ್ದುದರಿಂದ ಆ ಬರೆಯ ಆಕಾರ. ಆದರೂ ನಾನು ಚರ್ಮದ ಫೋಟೊಕ್ಕೆ ಹೆಸರು ಹೇಳುವುದಿಲ್ಲ. ಸರ್ಪಸುತ್ತು ಕೂಡ ಹೀಗೆಯೇ ಸಾಲಾಗಿ ಏಳುತ್ತದೆ, ಅದಕ್ಕೆ ಬೇಗನೆ ಔಷಧಿ ಬೇಕು. ವೈದ್ಯರಲ್ಲಿಗೆ ಹೋಗಿ, ಮಲಗುವ ಮುನ್ನ ದೀಪ ಆರಿಸಿ, ಮೈಮೇಲೆ ಹುಳು ಕೂತರೆ ಉಜ್ಜದೆ ಊದಿಬಿಡಿ ಎನ್ನುವುದಷ್ಟೇ ನನ್ನ ಅಧಿಕಾರ. ಜೇಡದ ಶವಕ್ಕೆ ಮಾತ್ರ, ಗುರುತು ಸಿಕ್ಕರೆ, ನಿರಪರಾಧಿಯೆಂದು ಬರೆದುಕೊಡುತ್ತೇನೆ.

ಈಚೆಗೆ ಫೋನುಗಳೇ ಹೆಸರು ಹೇಳುತ್ತವೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್ ಈಗ ಚಿತ್ರವನ್ನು ನೋಡಿ ತಾನೇ ಸಲಹೆ ಕೊಡುತ್ತದೆ; ನಾನೂ ದಿನವೂ ಬಳಸುತ್ತೇನೆ. ಎಲ್ಲಿ ತೆಗೆದದ್ದು ಎಂದು ತಿಳಿಸಿದರೆ ಅದು ಖಾತ್ರಿಯಿಲ್ಲದಾಗ ಕುಲದಲ್ಲಿಯೇ ನಿಂತು ವಿನಯ ತೋರಿಸುವುದೂ ಉಂಟು. ತೊಂದರೆ ಕೊಡುವುದು ಊರು ಕೇಳದೆ, ಅನುಮಾನವಿಲ್ಲದೆ ಒಂದೇ ಹೆಸರು ಒದರುವ ಬೇರೆ ಆ್ಯಪ್‌ಗಳು. ಅತ್ತಿಗೆಯ ಮನೆಜೇಡವನ್ನು ಅಣ್ಣ ಅಂಥದೊಂದರಲ್ಲಿ ಹಾಕಿ ನೋಡಿದಾಗ, ಅಮೆರಿಕದ ವಿಷಕಾರಿ ಬ್ರೌನ್ ರಿಕ್ಲೂಸ್ ಎಂದು ಕೆಂಪಕ್ಷರದಲ್ಲಿ ಬಂದಿತ್ತಂತೆ. ರಿಕ್ಲೂಸಿಗೆ ಇರುವುದು ಆರೇ ಕಣ್ಣು, ಮೂರು ಜೋಡಿಗಳಾಗಿ. ಚಾಚಿದ ಕಾಲುಗಳನ್ನೂ ಸೇರಿಸಿದರೆ ಅದು ಅಂಗೈಯಲ್ಲಿ ಒಂದು ಮೂಲೆಗೆ ಸಾಕು. ಅಣ್ಣ ಆ ರಾತ್ರಿ ಬಚ್ಚಲಿಗೆ ಟಾರ್ಚು ಮತ್ತು ದೊಣ್ಣೆ ಹಿಡಿದು ಹೋದನೆಂಬುದನ್ನು ಅತ್ತಿಗೆ ಆಮೇಲೆ ಹೇಳಿದರು.

ಅದೇ ಶಿವಮೊಗ್ಗ ಜಿಲ್ಲೆಯ ಕಾನಿನಲ್ಲಿ ಸುಮಾರು ಹತ್ತು ವರ್ಷಗಳ ಹಿಂದೆ ಸಿಕ್ಕಿದ ಜೇಡವೊಂದಕ್ಕೆ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು. ಸೆಂಟಿಮೀಟರಿಗಿಂತ ಚಿಕ್ಕದು, ಒಣಗಿ ಸುರುಟಿದ ಎಲೆಯಂತೆ, ತುದಿ ಬಾಗಿದ ಮೊನಚು ಟೋಪಿಯಂತೆ ಅದರ ಹೊಟ್ಟೆ. ಮಕ್ಕಳ ಕಾದಂಬರಿಯೊಂದರ ಮಂತ್ರದ ಟೋಪಿಯ ಒಡೆಯನ ಹೆಸರು ಅದಕ್ಕೆ ಬಂದದ್ದು ಹಾಗೆ. ಅದರ ಫೋಟೊ ಜಗತ್ತೆಲ್ಲ ಸುತ್ತಿತು. ಆದರೆ ಹೆಸರು ನಿಂತಿರುವುದು ಫೋಟೊದ ಮೇಲಲ್ಲ, ಹಿಡಿದು, ಅಳೆದು, ಹೊಟ್ಟೆಯಡಿಯ ರಚನೆಯನ್ನು ಚಿತ್ರಿಸಿ ಕಾಪಿಟ್ಟ ಆ ಒಂದು ಹೆಣ್ಣುಜೇಡದ ಮೇಲೆ. ನಮ್ಮ ತೋಟದಾಚೆಯ ಕಾನಿನಲ್ಲಿ ಅಂಥ ಸುರುಟೆಲೆಗಳನ್ನು ನಾನು ಎಷ್ಟು ಸಲ ಕೈಯಿಂದ ಸರಿಸಿ ನಡೆದಿದ್ದೇನೋ.

ಅತ್ತಿಗೆ ಈಗ ಪಳಗಿದ್ದಾರೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ರೂ. ನಾಣ್ಯ ಇಡುತ್ತಾರೆ, ಮೇಲಿನಿಂದ ಒಂದು, ಮುಖದಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತಾರೆ, ಫ್ಲ್ಯಾಶ್ ಬದಲು ಅಣ್ಣನ ಕೈಯಲ್ಲಿ ಟಾರ್ಚು ಹಿಡಿಸುತ್ತಾರೆ. ಕಳೆದ ಶ್ರಾವಣದಲ್ಲಿ "ಬಚ್ಚಲ ಜೇಡ ಸತ್ತುಹೋಯ್ತು" ಎಂದು ಬೇಸರದಿಂದ ಕಳಿಸಿದ ಮೂರು ಚಿತ್ರಗಳಲ್ಲಿ ಪಕ್ಕದಿಂದ ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದೆ. ಬೆನ್ನಿನ ಮುಂಭಾಗ ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತ್ತು, ಒಳಗೆ ಖಾಲಿ. ಅದು ಶವವಲ್ಲ, ಕಳಚಿಟ್ಟ ಪೊರೆ. ಮೊಟ್ಟೆ ಹೊತ್ತ ತಾಯಿಯದಲ್ಲ, ಇನ್ನೂ ಬೆಳೆಯುತ್ತಿರುವ ಬೇರೊಂದು ಜೇಡದ್ದು; ಅದು ಹಂಡೆಯ ಹಿಂದೆಲ್ಲೋ ಹೊಸ ಮೈ ಗಟ್ಟಿಯಾಗಲೆಂದು ಕಾಯುತ್ತಿರಬೇಕು ಎಂದು ಬರೆದೆ. ಹದಿನೈದು ದಿನಗಳ ನಂತರ ಇನ್ನೊಂದು ಬಂತು: ತುಳಸಿಕಟ್ಟೆಯ ಬುಡ, ನಾಣ್ಯದಷ್ಟೇ ಅಗಲದ ಕಂದು ಜೇಡ, ಬೆನ್ನ ತುಂಬ ಕಾಳು ಚೆಲ್ಲಿದಂತೆ ಮರಿಗಳು. ಮುಖ ಮರಿಗಳ ಕಾಲುಗಳಲ್ಲಿ ಮುಚ್ಚಿಹೋಗಿತ್ತು. ಕೆಳಗೆ ಅತ್ತಿಗೆಯೇ ಬರೆದಿದ್ದರು: "ತೋಳಜೇಡ, ತಾಯಿ. ಮುಂದಿನ ಹೆಸರು ನಿನಗೂ ಗೊತ್ತಾಗಲ್ಲ, ಅಲ್ವಾ?" ಅಲ್ಲ ಎನ್ನಲು ಆ ಚಿತ್ರದಲ್ಲಿ ಏನೂ ಇರಲಿಲ್ಲ. ಕಡತದಲ್ಲಿ ಹಾಗೆಯೇ ಬರೆದಿಟ್ಟೆ: ಲೈಕೋಸಿಡೇ ಕುಟುಂಬ, ಮರಿಹೊತ್ತ ಹೆಣ್ಣು, ತುಳಸಿಕಟ್ಟೆ, ಸಾಗರ.